ಹರಿಗೋಲೇರಿದ ಸಾಸಲು

ನಾನು ಒಂದು ಸಾಸಲು ಮೀನು. ಬೆರಳುದ್ದ ಇದ್ದೇನೆ ಎಂದು ಜನ ಹೇಳುತ್ತಾರೆ. ಯಾರ ಬೆರಳು ಎಂದು ಮಾತ್ರ ಹೇಳುವುದಿಲ್ಲ. ನಾನು ಹುಟ್ಟಿದ ದಿನ ತುಂಗಭದ್ರೆ ಎರಡು ಗೇಣು ಏರಿತು. ಅದು ಮಳೆಯ ನೀರು ಎಂದವರಿಗೆಲ್ಲ ಹೊಟ್ಟೆಕಿಚ್ಚು.

ಹುಲ್ಲಿಗೆ ಅಂಟಿದ ಮೊಟ್ಟೆಯಿಂದ ಹೊರಬಂದು ಹಿಂಡು ಸೇರಿದೆ. ನಮ್ಮ ಹಿಂಡಿಗೆ ನಾಯಕರಿಲ್ಲವಂತೆ. ಪಕ್ಕದ ಮೀನು ಹೊರಳಿದರೆ ನೀರಿನ ನಡುಕ ನಮ್ಮ ಮೈಪಕ್ಕದ ಗೆರೆಗೆ ತಾಗುತ್ತದೆ, ನಾವೂ ಹೊರಳುತ್ತೇವೆ, ಅಷ್ಟೇ ಅಂತೆ. ಹಾಗಾದರೆ ಮೊದಲು ಹೊರಳುವವರು ಯಾರು? ನಾನೇ. ನಾನು ಬಾಲ ತಿರುಗಿಸಿದರೆ ಸಾವಿರಾರು ಬೆಳ್ಳಿಮೈಗಳು ಒಟ್ಟಿಗೆ ಮಿಂಚುತ್ತವೆ. ನುಗ್ಗಿ ಬಂದ ಬಾಳೆ ಮೀನು ಯಾರನ್ನು ಹಿಡಿಯಬೇಕೆಂದು ತಿಳಿಯದೆ ಬರಿ ನೀರು ನುಂಗಿ ಹೋಗುತ್ತದೆ.

ಒಂದು ವರ್ಷ ಮಳೆಗಾಲದ ಹೊಸನೀರು ಕೆಂಪಾಗಿ ಬಂದಾಗ ನನ್ನ ಹೊಟ್ಟೆ ತುಂಬ ಮೊಟ್ಟೆ. ಎರಡು ಬಂಡೆಗಳ ನಡುವಿನ ಇಕ್ಕಟ್ಟು ದಾಟಿ, ಮೇಲೆ ನೀರಲ್ಲಿ ಮುಳುಗಿದ ಹುಲ್ಲಿನಲ್ಲಿ ಅವನ್ನು ಇಡಬೇಕು. ತಡವಾದರೆ ನೀರು ಇಳಿದು ಹುಲ್ಲು ಒಣಗುತ್ತದೆ; ಮಕ್ಕಳೆಲ್ಲ ಹೋದಂತೆ.

ಆ ಇಕ್ಕಟ್ಟಿಗೇ ಮೀನು ಹಿಡಿಯುವ ದುರುಗವ್ವ ಬಲೆ ಕಟ್ಟಿ ಹರಿಗೋಲಿನಲ್ಲಿ ಕೂತಿದ್ದಳು. ಅವಳ ಗಂಡ ಯಮನೂರಪ್ಪ ಕೆಳಗಡೆ ಸೊಂಟಮಟ್ಟ ನೀರಿನಲ್ಲಿ ನಿಂತು, ನಮ್ಮನ್ನು ಬಲೆಗೆ ಅಟ್ಟಲು ಕೋಲಿನಿಂದ ನೀರು ಬಡಿಯತೊಡಗಿದ. ಹೋದ ವರ್ಷ ಅದೇ ಬಲೆಯ ಕಣ್ಣುಗಳಲ್ಲಿ ನೂರು ಸಲ ಓಡಾಡಿದವಳು ನಾನು. ಎಲ್ಲರಿಗಿಂತ ಮುಂದೆ ನುಗ್ಗಿದೆ. ತಲೆ ಹೋಯಿತು, ಹೊಟ್ಟೆ ಹೋಗಲಿಲ್ಲ.

ಒದ್ದಾಡಿದೆ. ಚರ್ಮ ಕಿತ್ತು ವಾಸನೆ ಹರಿಯಿತು. ನಮ್ಮವರಿಗೆ ಅಪಾಯ ತಿಳಿಯುವುದು ಆ ವಾಸನೆಯಿಂದ. ಇಡೀ ಹಿಂಡು ಹೊರಳಿ ಯಮನೂರಪ್ಪನ ಕಾಲುಗಳ ನಡುವೆಯೇ ಪಾರಾಯಿತು. ಸಿಕ್ಕಿಬಿದ್ದಲ್ಲಿಂದಲೂ ಹಿಂಡು ನಡೆಸಿದವಳು ನಾನು.

“ನಾ ಹೂಂ ಅನ್ನೂದ್ರಾಗ ಬಡದ್ರಿ. ನಿಮ್ಮ ಬಡಿತಕ್ಕ ಮೊಸಳಿನೂ ಊರು ಬಿಡ್ತೈತಿ,” ಎಂದಳು ದುರುಗವ್ವ.

“ಬಲಿ ಕಟ್ಟಿದಾಕಿ ಯಾರು? ಏನ್ ಬಿದ್ದೈತಿ ತೋರ್ಸು.”

“ಒಂದು ಸಾಸಲ.”

“ಸಾರು ಮಾಡು. ನಿನ್ನ ತವರಿನವ್ರನ್ನೂ ಕರಿ. ಎಲ್ಲಾರು ಉಂಡು ಉಳೀತೈತಿ.”

ನನ್ನ ಗಾತ್ರವನ್ನು ಸರಿಯಾಗಿ ಅಳೆದ ಮನುಷ್ಯ ಅವನೊಬ್ಬನೇ.

ದುರುಗವ್ವ ನನ್ನನ್ನು ಹರಿಗೋಲಿನ ತಳಕ್ಕೆ ಎಸೆದಳು. ಅಲ್ಲಿ ಜಿನುಗಿ ನಿಂತ ನೀರಿತ್ತು. ಮೇಲಿನ ಮಡುವಿನಲ್ಲಾದರೂ ಏನಾದರೂ ಸಿಕ್ಕೀತೆಂದು ಇಬ್ಬರೂ ಬಲೆ ಬಿಚ್ಚಿಕೊಂಡು, ಹರಿಗೋಲಿಗೆ ಹಗ್ಗ ಹಾಕಿ ಬಂಡೆಗಳ ಬದಿಯಿಂದ ಎಳೆದರು. ಬೈದಾಡುತ್ತಲೇ ಎಳೆದರು. ರಾಣಿಯರಿಗೂ ಅಂಥ ಸವಾರಿ ಸಿಕ್ಕಿರಲಾರದು. ಇಕ್ಕಟ್ಟು ದಾಟಿದ ಮೇಲೆ ದುರುಗವ್ವ, ಗಂಡನನ್ನು ದುರುಗುಟ್ಟಿ ನೋಡುತ್ತಲೇ, ತಳದ ನೀರನ್ನು ಮಗ್ಗಿನಿಂದ ಮೊಗೆದು ಹೊರಗೆ ಚೆಲ್ಲಿದಳು. ಆ ಮಗ್ಗಿನಲ್ಲಿ ನಾನಿದ್ದೆ.

“ಲೇ, ಸಾಸಲ ಹೋತಲ್ಲ.”

“ಹೋಗ್ಲಿ ಬಿಡ್ರಿ. ತವರಿನವ್ರು ಇವತ್ತು ಬರೂದಿಲ್ಲಂತ.”

ಬಲೆ ಇಲ್ಲದ ದಾರಿಯಲ್ಲಿ ಸಂಜೆಗೆ ಹಿಂಡು ಮೇಲೆ ಬಂತು. ಗಂಡುಗಳೆಲ್ಲ ನನ್ನ ಹಿಂದೆಯೇ, ಅದು ಸಹಜ. ಹುಲ್ಲಿಗೆ ಲಕ್ಷ ಮೊಟ್ಟೆ ಅಂಟಿಸಿದೆ. ಹತ್ತು ಲಕ್ಷ ಎಂದರೂ ನನ್ನ ತಕರಾರಿಲ್ಲ. ಸಾಸಲು ಮೊಟ್ಟೆಗೆ ಕಾವಲು ಕೂರುವುದಿಲ್ಲ. ಬಿಟ್ಟು ಬಂದೆ.

ಈಗ ವಯಸ್ಸಾಗಿದೆ, ಈಜು ನಿಧಾನ. ನಿಧಾನವಾದವರು ಹಿಂಡಿನ ಅಂಚಿಗೆ ಬೀಳುತ್ತಾರೆ. ಮಿಂಚುಳ್ಳಿ ಮೊದಲು ಎತ್ತುವುದು ಅಂಚಿನವರನ್ನೇ. ನನ್ನ ಒಳಮಗ್ಗುಲಿಗೆ ಉಗುರಿನಷ್ಟಿರುವ ಮರಿಗಳು. ಯಾರವೆಂದು ಯಾರಿಗೆ ಗೊತ್ತು, ಎಲ್ಲ ನನ್ನವೇ ಎಂದಿಟ್ಟುಕೊಂಡಿದ್ದೇನೆ. ನಾನು ಸರಿದರೆ ಅಂಚಿಗೆ ಬರುವುದು ಅವೇ. ದಡದ ಜಾಲಿಯ ಕೊಂಬೆಯ ಮೇಲೆ ಒಂದು ಮಿಂಚುಳ್ಳಿ ಬೆಳಗಿನಿಂದ ನನ್ನತ್ತಲೇ ಕೊಕ್ಕು ಮಾಡಿ ಕೂತಿದೆ.

ನಾನು ಇಲ್ಲಿಂದ ಕದಲುವುದಿಲ್ಲ.