ಕರುವಿನ ಪಾಲು

ಮದುವೆಯಾಗಿ ಪಾಂಡವಪುರದ ಬಳಿಯ ಈ ಮನೆಗೆ ಬಂದ ಮೇಲೆ ಸುನಿತಾ ಅಂಚೆಯ ಮೂಲಕ ಬಿ.ಎ. ಓದುತ್ತಿದ್ದಳು. ನಾಳೆಯಿಂದ ಒಂದು ವಾರ ಮೈಸೂರಿನಲ್ಲಿ ಇಂಗ್ಲಿಷ್ ಪಾಠ. ಗಂಡ ರಘುನಂದನ್ "ಅವ್ವನ್ನ ಕೇಳು" ಎಂದು ಜಾರಿಕೊಂಡಿದ್ದ. ಅತ್ತೆ ಸೋಮಮ್ಮನನ್ನು ಕೇಳುವ ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಬೆಳಗ್ಗೆ ಹಸು ಈದಿತು. ಇಂಥ ಹೊತ್ತಲ್ಲಿ ಸೊಸೆ ಮನೆ ಬಿಟ್ಟು ಹೊರಡುವುದುಂಟೇ? ಸುನಿತಾ ಬ್ಯಾಗಿನ ಸೀರೆಗಳನ್ನು ಬೀರುವಿಗೆ ವಾಪಸು ಇಟ್ಟಳು.

ಬೇಜಾರಿಗೆ ನಿಘಂಟು ತಿರುವಿದಳು. ರೂತ್‌ಲೆಸ್: ಕನಿಕರವಿಲ್ಲದ. ಅತ್ತೆಗೆ ಹೇಳಿ ಮಾಡಿಸಿದ ಪದ! ಅದರ ಮೇಲೆಯೇ ಇನ್ನೊಂದಿತ್ತು. ರೂತ್‌ಫುಲ್: ಕನಿಕರ ತುಂಬಿದ. ಪಕ್ಕದಲ್ಲಿ, ಈಗ ಬಳಕೆಯಲ್ಲಿಲ್ಲ ಎಂಬ ಗುರುತು.

"ಏನಮ್ಮಿ, ಒಬ್ಳೇ ನಗಾಡ್ತಿದ್ದೀಯೆ?" ಸೋಮಮ್ಮ ಚೊಂಬು ಹಿಡಿದು ನಿಂತಿದ್ದಳು.

"ಇಂಗ್ಲಿಷರ ಹಳೇ ಮಾತು ಅತ್ತೆ. ರೂತ್ ಅಂದ್ರೆ ಕನಿಕರ. ಕನಿಕರ ಇರೋರ್ಗೆ ರೂತ್‌ಫುಲ್, ಇಲ್ದೋರ್ಗೆ ರೂತ್‌ಲೆಸ್ ಅಂತಿದ್ರಂತೆ. ಇರೋರ ಮಾತು ಯಾರೂ ಆಡ್ದೆ ಸತ್ತೋಯ್ತು. ಇಲ್ದೋರ್ದು ಈಗ್ಲೂ ನಡೀತದೆ."

"ಇನ್ನೇನಾದದು? ಬೈಯೋಕೆ ದಿನಾ ಮಾತು ಬೇಕಲ್ಲ. ನಂಗ್ಯಾವ್ದು ಮಡಗಿದ್ದೀಯೆ?"

ಸುನಿತಾ ನಾಲಿಗೆ ಕಚ್ಚಿಕೊಂಡು ಅತ್ತೆಯ ಹಿಂದೆ ಕೊಟ್ಟಿಗೆಗೆ ನಡೆದಳು.

ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಗಿಣ್ಣುಹಾಲಿಗೆ ಪಾತ್ರೆ ತಂದಿದ್ದಳು. ಸೋಮಮ್ಮ ಮೂರು ಮೊಲೆ ಕರೆದು, ನಾಲ್ಕನೆಯದನ್ನು ಮುಟ್ಟದೆ ಕರುವನ್ನು ಅತ್ತ ದೂಡಿದಳು.

"ಅದ್ನೂ ಕರಿಯಕ್ಕ, ಬೀದಿಗೆಲ್ಲ ಎಲ್ಲಿ ಸಾಲ್ತದೆ?"

"ಅದು ಕರುವಿನ್ ಪಾಲು ಕಣಮ್ಮಿ. ನಮ್ಮತ್ತೆ ಕಾಲ್ದಿಂದ್ಲೂ ಬುಡ್ತಾ ಬಂದಿವಿ. ಅದ್ರ ಬಾಯಿಂದ ಕಿತ್ತು ನಿನ್ ಪಾತ್ರೆ ತುಂಬ್ಲಾ?"

ಕರು ಬಾಲ ಕುಣಿಸುತ್ತ ಚೀಪತೊಡಗಿತು. ಅದನ್ನು ನೋಡುತ್ತಿದ್ದ ಸುನಿತಾಳ ಬಾಯಿಂದ ಮಾತು ತಾನಾಗಿ ಹೊರಟಿತು.

"ನಂಗೂ ಒಂದು ಪಾಲು ಬುಡಿ ಅತ್ತೆ. ಒಂದು ವಾರ. ನಾಳೆಯಿಂದ ಮೈಸೂರಲ್ಲಿ ಪಾಠ ಅದೆ."

ಸೋಮಮ್ಮ ತಿರುಗಿ ನೋಡಿದಳು. "ಅದ್ಕೇನಾ ಬೆಳಗ್ಗಿಂದ ಬೀರು ಬಾಗ್ಲು ತೆಗ್ದು ಮುಚ್ಚಿ ಮಾಡ್ತಿದ್ದುದು? ಕೇಳಕ್ಕೆ ಬಾಯಿರ್ನಿಲ್ವಾ?"

"ಹಸ ಈದದೆ ಅಂತ..."

"ಈದಿರೋದು ಹಸ ಕಣಮ್ಮಿ, ನೀನಲ್ಲ. ಓಗು."

ಮರುದಿನ ಬ್ಯಾಗಿನಲ್ಲಿ ಸೀರೆಗಳ ನಡುವೆ ಗಿಣ್ಣಿನ ಡಬ್ಬಿಯೂ ಕೂತಿತ್ತು. ಬಸ್ಸು ಹೊರಡುವಾಗ ಸುನಿತಾ ಕಿಟಕಿಯಿಂದ ಇಣುಕಿದಳು. ಕೆಳಗೆ ಪುಟ್ಟಲಕ್ಷ್ಮಮ್ಮ ಕೇಳುತ್ತಿದ್ದಳು, "ಅಲ್ಲಕ್ಕ, ಇಂಥ ಹೊತ್ನಲ್ಲಿ ಸೊಸೇನ ಕಳಿಸ್ಬುಟ್ಯಲ್ಲ?"

ಸೋಮಮ್ಮ ಸೆರಗು ಸರಿಮಾಡಿಕೊಂಡಳು. "ನಾನು ರೂತುಪುಲ್ಲು ಕಣಮ್ಮಿ. ನಿಂಗದೆಲ್ಲ ಗೊತ್ತಾಗಕಿಲ್ಲ ಬುಡು."