ಮಗನ ಮೆರವಣಿಗೆಗೆ ಹಲಗಿ

ಜೋಳದ ಕಣಕಿಯ ಬೆಂಕಿಗೆ ಹಿಡಿದ ಚರ್ಮ ಬಿಸಿಯಾಗುವಾಗ ಏಳುವ ವಾಸನೆ ಗುಡ್ಡವ್ವನಿಗೆ ತೊಟ್ಟಿಲಿನಿಂದಲೂ ಗೊತ್ತು. ತುಕ್ಕಾನಟ್ಟಿಯಲ್ಲಿ ಯಾರ ಮದುವೆಯೇ ಇರಲಿ, ಯಾರ ಹೆಣವೇ ಏಳಲಿ, ಅಪ್ಪ ಉದ್ದಪ್ಪ ಬಾರಿಸುವ ಮೊದಲು ಹಲಗಿ ಕಾಯಿಸುತ್ತಿದ್ದ. ಅವಳಿಗೆ ಅದು ಅಪ್ಪನ ಮೈವಾಸನೆಯೇ ಆಗಿತ್ತು. ಅಣ್ಣ ಕೇದಾರಿಗೆ ಮಾತ್ರ ಅದು ಮೂಗಿಗೆ ಬಡಿದರೆ ಅನ್ನ ಸೇರುತ್ತಿರಲಿಲ್ಲ. "ಈ ತೊಗಲು ಬಾರಿಸೂತನಕ ನಾ ನಿನ್ನ ಹೊಸ್ತಿಲಾ ತುಳ್ಯೂದಿಲ್ಲ" ಎಂದು ಅಪ್ಪನೊಡನೆ ಜಗಳವಾಡಿ, ಮೀಸೆ ಮೂಡುವ ವಯಸ್ಸಿಗೆ ಮುಂಬಯಿಯ ಗಿರಣಿ ಸೇರಿದ.

ಅಲ್ಲಿ ಅವನು ಕಾರ್ಮಿಕರ ಮುಂದಾಳಾದ. ಕೆಂಪು ಫೇಟಾ ಸುತ್ತಿ, ಬೆತ್ತ ತಿರುವುತ್ತ, ಭಾಷಣದ ನಡುವೆ ಲಾವಣಿ ಹಾಡುತ್ತಿದ್ದನಂತೆ. ಚುನಾವಣೆಗೆ ನಿಂತಾಗ ಟಾಂಗಾದ ಕುದುರೆಗೂ ಫೇಟಾ ಸುತ್ತಿಸಿದ್ದನಂತೆ.

ಇತ್ತ ಕೇರಿಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ, ಇನ್ನು ಬಾರಿಸುವುದಿಲ್ಲವೆಂದು ಹಲಗಿಗಳನ್ನು ಹೊಳೆಗೆ ಬಿಟ್ಟರು. ಉದ್ದಪ್ಪನೂ ಬಿಟ್ಟ. ಅಂದಿನಿಂದ ಮಗನ ದಾರಿ ನೋಡತೊಡಗಿದ.

ಕೇದಾರಿ ಮುಂಬಯಿಯ ಮೇಯರ್ ಆದನೆಂಬ ಸುದ್ದಿ ಗೋಕಾಕದ ಹೋಟೆಲಿನ ರೇಡಿಯೋದಿಂದ ಊರಿಗೆ ಬಂತು.

"ಮೇಯರ್ ಅಂದ್ರ ಏನವಾ?"

"ಮುಂಬಯಿ ಊರಿಗೆ ಗೌಡ ಅಂತ ತಿಳ್ಕೋ ಅಪ್ಪಾ."

ಊರವರು ಸತ್ಕಾರ ಇಟ್ಟುಕೊಂಡರು. ಮೆರವಣಿಗೆ ಮುಗಿಸಿ ಮನೆಗೂ ಬರುತ್ತೇನೆಂದು ಕೇದಾರಿ ಹೇಳಿ ಕಳಿಸಿದ. ಗುಡ್ಡವ್ವ ಗೋಡೆಗೆಲ್ಲ ಸುಣ್ಣ ಬಳಿದಳು. ಅಪ್ಪ ಕಣ್ಣು ಮುಚ್ಚುವುದರೊಳಗೆ ಅಣ್ಣ ಒಮ್ಮೆ ಹೊಸ್ತಿಲು ದಾಟಿದರೆ ಸಾಕು, ಅವಳಿಗೆ ಬೇರೆ ಆಸೆ ಇರಲಿಲ್ಲ.

ಸತ್ಕಾರದ ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ಅದೇ ವಾಸನೆ. ಅಂಗಳದಲ್ಲಿ ಉದ್ದಪ್ಪ ಹಲಗಿ ಕಾಯಿಸುತ್ತಿದ್ದ.

"ಅಪ್ಪಾ! ಇದನ್ನ ಎಲ್ಲಿಂದ ತಂದಿ? ಬಿಟ್ಟೇವಂತ ಆಣಿ ಮಾಡೇವಲ್ಲ!"

"ಮಸಗುಪ್ಪಿ ಬೀಗರ ಕಡಿಂದ. ಮಂದಿ ಹೆಣಕ್ಕೆಲ್ಲಾ ಬಾರಿಸೇನಿ ಮಗಳ. ನನ್ನ ಮಗ ಗೆದ್ದ ಬರಾಕತ್ತಾನ. ಅವಂಗ ಒಮ್ಮಿ ಬಾರಸಬ್ಯಾಡೇನು?"

"ಅಣ್ಣಗ ಸೇರೂದಿಲ್ಲಪಾ. ನಿನ್ನ ಕಾಲ ಬೀಳ್ತೇನಿ."

"ಅದು ಊರಿಗೆ ಬಾರಸೂದಿತ್ತು. ಇದು ಅಪ್ಪ ಮಗನಿಗೆ ಬಾರಸೂದು. ಅಂವಗ ತಿಳೀತೈತಿ ತಗೋ."

ತೆರೆದ ಜೀಪಿನಲ್ಲಿ ಕೇದಾರಿ ಬಂದ. ಕೊರಳಿಗೆ ಬಿದ್ದ ಹಾರಗಳನ್ನು ಮುದುಕಿಯರ ಕೊರಳಿಗೇ ತಿರುಗಿ ಹಾಕಿದ. "ಮುಂಬಯಿ ಸಮುದ್ರದಂಗ ಆಗೇನಿ ನೋಡ್ರೆವಾ. ನೋಡಾಕ ಚಂದ, ಕುಡ್ಯಾಕ ಬರೂದಿಲ್ಲ!" ಜನ ನಕ್ಕು ಸುಸ್ತಾದರು. ಗುಡ್ಡವ್ವನೂ ನಕ್ಕಳು. ಅಷ್ಟರಲ್ಲಿ ಹಲಗಿ ನುಡಿಯಿತು.

ಉದ್ದಪ್ಪ ಕಣ್ಣು ಮುಚ್ಚಿಕೊಂಡು, ಬೊಚ್ಚು ಬಾಯಲ್ಲಿ ನಗುತ್ತ ಬಾರಿಸುತ್ತಿದ್ದ. ಜೀಪಿನ ಬಾಜೂ ನಡೆಯುತ್ತಿದ್ದ ಊರ ಹಿರಿಯ ಶೆಟ್ಟೆಪ್ಪ ಪಕ್ಕದವನಿಗೆ, "ಮಗ ಮೇಯರ್ ಆದ್ರೇನಾತು? ಅಪ್ಪಗ ಹಲಗಿ ತಪ್ಪಲಿಲ್ಲ ನೋಡು" ಎಂದ. ಮೆಲ್ಲಗೆ ಅಂದದ್ದೇ, ಆದರೆ ಕೇದಾರಿಯ ಕಿವಿಗೆ ಬಿತ್ತು.

ಅವನು ಇಳಿದು ಬಂದು ಅಪ್ಪನ ಕೈ ಹಿಡಿದು ನಿಲ್ಲಿಸಿದ.

"ಇವರ ಮುಂದ ಮತ್ತ ಬಾರಸ್ತಿ? ಹೊಳಿಗೆ ಬಿಟ್ಟಾನ ನಮ್ಮಪ್ಪ ಅಂತ ಊರೂರಿಗೆ ಹೇಳ್ಕೋತ ಅಡ್ಡಾಡೇನಿ ನಾ."

ಉದ್ದಪ್ಪ ಅಷ್ಟು ಹತ್ತಿರದಿಂದ ಮಗನ ಮುಖ ನೋಡಿ ಎಷ್ಟೋ ವರ್ಷವಾಗಿತ್ತು. "ಸಿಟ್ಟಾಗಬ್ಯಾಡೋ ತಮ್ಮಾ," ಎಂದ. "ನನಗ ಬ್ಯಾರೆ ಏನ ಬರತೈತಿ ಹೇಳು, ನಿನಗ ಕೊಡಾಕ?"

ಕೇದಾರಿ ಅಪ್ಪನ ಕೈ ಬಿಟ್ಟ. ಸುತ್ತ ನಿಂತ ಜನರನ್ನು ನೋಡಿ, ಜೀಪು ಹತ್ತಿದ.

"ಅಣ್ಣಾ, ಮನಿ ಇಲ್ಲೇ ಐತಿ, ನಾಕ ಹೆಜ್ಜಿ!" ಗುಡ್ಡವ್ವ ಹಿಂದೆ ಓಡಿದಳು.

"ಹುಕ್ಕೇರ್ಯಾಗ ಸಭಾ ಐತವಾ, ಹೊತ್ತಾತು" ಎಂದ ಅವನು, ಅವಳತ್ತ ತಿರುಗದೆ. ಕೆಂಪು ಫೇಟಾ ಧೂಳಿನಲ್ಲಿ ಸಣ್ಣದಾಗುತ್ತ ಹೋಯಿತು.

ಆ ದಿನ ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಉದ್ದಪ್ಪ ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ.

ಸಂಜೆ ಶೆಟ್ಟೆಪ್ಪನ ಹೆಂಡತಿ ಶಂಕ್ರವ್ವ ಬಂದಳು. ಅವಳು ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಸೆರಗಿನಡಿ ಮುಚ್ಚಿದ ತಾಟು. ಅವಳನ್ನು ಕಂಡ ಉದ್ದಪ್ಪ ರೂಢಿಯಂತೆ ಎದ್ದು, ಅವಳ ಕೈ ತಾಕದಂತೆ ಮೇಲಿನಿಂದ ಹಾಕಿಸಿಕೊಳ್ಳಲು ಧೋತರದ ಚುಂಗು ಹಿಡಿದು ನಿಂತ. ಶಂಕ್ರವ್ವ ಆ ಚುಂಗನ್ನು ಮೆಲ್ಲಗೆ ಬಿಡಿಸಿದಳು. ರೊಟ್ಟಿ, ಝುಣಕ ಇದ್ದ ತಾಟನ್ನು ಅವನ ಎರಡೂ ಕೈಗಳಲ್ಲಿ ಇಟ್ಟು, ಅವನು ಗಟ್ಟಿಯಾಗಿ ಹಿಡಿಯುವವರೆಗೂ ತನ್ನ ಕೈ ತೆಗೆಯಲಿಲ್ಲ.