ತಾನಾಗಿ ಬಿಟ್ಟ ಕೆಲಸ

ತೀರಿಹೋದ ಅಪ್ಪನ ಕಾಲಿನ ಮೇಲೆ ಹೊದಿಕೆ ಸರಿಮಾಡುತ್ತಿದ್ದ ಮಗಳ ಕೈ, ಅವರ ಕಾರ್ಖಾನೆಯ ಹೊಲಿಗೆಯವಳ ಮಾತಿಗೆ ಅಲ್ಲೇ ನಿಂತುಬಿಟ್ಟಿತು.

"ಏನಂದ್ರಿ?"

"ಒಂಬತ್ತು ತಿಂಗಳಮ್ಮ. ಕತ್ತರಿ ಕಿತ್ಕೊಂಡು ಮೆಟ್ಟಿಲ ಕೆಳಗೆ ಕೂರಿಸಿದ್ರು. ಮನೇಲಿ ಹೇಳಿರ್ಲಿಲ್ವಾ?"

ಎಲ್ಲಿ ಹೇಳಿದರು! ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದವರು, ಬಾಯಿಸತ್ತ ಮನುಷ್ಯ. ಕತ್ತರಿಸುವ ಯಂತ್ರ ಬಂದಮೇಲೆ ಮಾಲೀಕರಿಗೆ ಬೇಡವಾದರು. ಹೋಗು ಅಂದರೆ ಅಷ್ಟೂ ವರ್ಷಗಳ ಪರಿಹಾರ ಕೊಡಬೇಕು, ಅದಕ್ಕೇ ಹೋಗೆನ್ನಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ನೋಡಿ. ಎಂಟಕ್ಕೆ ಹಾಜರಿ ಹಾಕಿ, ಗೋಡೆ ನೋಡುತ್ತ ಕೂತು, ಬುತ್ತಿ ಉಂಡು ಐದಕ್ಕೆ ಏಳಬೇಕು. ಪೇಪರು ಓದಿದರೆ ಬೈಗುಳ, ಯಾರನ್ನಾದರೂ ಮಾತಾಡಿಸಿದರೆ ಅವರಿಗೂ ಬೈಗುಳ. ಹೋದ ತಿಂಗಳು ಇದ್ದಕ್ಕಿದ್ದಂತೆ, ಬಿಡುತ್ತೇನೆಂದು ತಾವೇ ಕಾಗದ ಬರೆದುಕೊಟ್ಟರಂತೆ. ಅಷ್ಟು ದಿನ ತಡೆದವರು ಯಾಕೆ ಬರೆದರೋ ಎಂದು ಹೊಲಿಗೆಯವಳು ಕಣ್ಣೊರೆಸಿಕೊಂಡಳು.

ಯಾಕೆ ಬರೆದರೆಂದು ಮಗಳಿಗೆ ಗೊತ್ತಿತ್ತು.

*

ಹೋದ ತಿಂಗಳು ಊಟಕ್ಕೆ ಕೂತಾಗ ಅಪ್ಪ ಯಾರದೋ ವಿಷಯವೆಂಬಂತೆ ಕೇಳಿದ್ದರು: ಒಬ್ಬನಿಗೆ ಕೆಲಸವನ್ನೇ ಕೊಡದೆ ಸುಮ್ಮನೆ ಕೂರಿಸಿದರೆ ಅವನೇನು ಮಾಡಬೇಕು? ಮಗಳು ಬೇರೊಂದು ಕಂಪನಿಯ ಸಿಬ್ಬಂದಿ ಅಧಿಕಾರಿ. ನೀರು ಕುಡಿದಷ್ಟು ಸುಲಭದ ಪ್ರಶ್ನೆ.

"ಮಾನ ಇರೋನಾದ್ರೆ ತಾನಾಗೇ ಬಿಟ್ಟು ಹೋಗ್ತಾನಪ್ಪ," ಎಂದಿದ್ದಳು, ತಟ್ಟೆಯಿಂದ ತಲೆ ಎತ್ತದೆ.

"ಹೌದಾ," ಎಂದು ಅಪ್ಪ ನಕ್ಕಿದ್ದರು.

ಮೂರೇ ದಿನಕ್ಕೆ, ವಯಸ್ಸಾಯಿತು ಸಾಕು ಎಂದು ಕೆಲಸ ಬಿಟ್ಟು ಬಂದರು. ಮಗಳು ಖುಷಿಯಿಂದ ಬೀದಿಗೆಲ್ಲ ಸಿಹಿ ಹಂಚಿದಳು. ಹದಿನೆಂಟನೆಯ ದಿನ ಅಪ್ಪ ಎದೆ ಹಿಡಿದುಕೊಂಡು ಕುಸಿದರು.

*

ಮಧ್ಯಾಹ್ನ ಅವಳ ಕಚೇರಿಯವರು ಬಂದರು. ಎಲ್ಲರ ಹಿಂದೆ ಉಗ್ರಾಣದ ಗುಮಾಸ್ತ, ಹೆಚ್ಚುಕಮ್ಮಿ ಅಪ್ಪನದೇ ವಯಸ್ಸು. ನಾಲ್ಕು ತಿಂಗಳ ಹಿಂದೆ ಅವನಿಂದ ಬೀಗದ ಕೈ ಕಿತ್ತುಕೊಂಡು ಲಿಫ್ಟಿನ ಪಕ್ಕ ಕೂರಿಸಿದ್ದು ಇವಳೇ. ಅವನು ಹೂವಿಟ್ಟು, ಕೈಮುಗಿದು, ಧೈರ್ಯ ತಂದುಕೊಳ್ಳಿ ಎಂದ. ಆ ಮಾತಿನಲ್ಲಿ ಚೂರೂ ಕಪಟವಿರಲಿಲ್ಲ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಉಳಿದವರು ಒಳಗೆ ಕುಳಿತರು. ಗುಮಾಸ್ತ ಮಾತ್ರ ಹೊರಗೆ, ಚಪ್ಪಲಿ ಬಿಟ್ಟ ಕಡೆ, ಒಬ್ಬನೇ ಕೂತ. ಅವಳು ಬಾಗಿಲಿಗೆ ಬಂದು ಕರೆದಳು.

"ಒಳಗೆ ಬನ್ನಿ. ಜಾಗ ಇದೆ."

ಅವನು ಗಡಬಡಿಸಿ ಎದ್ದು ನಿಂತ. "ಪರವಾಗಿಲ್ಲ ಮೇಡಂ. ನಂಗೆ ರೂಢಿಯಾಗಿದೆ."

ಸ್ಮಶಾನದ ಗಾಡಿ ಬಂತೆಂದು ಒಳಗಿನಿಂದ ಅವಳನ್ನು ಕರೆಯುತ್ತಿದ್ದರು. ಮೇಡಂ ಹೋಗುವವರೆಗೆ ಕೂರಬಾರದೆಂದು ಅವನು, ಹೋಗಲು ಕಾಲು ಬಾರದೆ ಅವಳು, ಚಪ್ಪಲಿಗಳ ನಡುವೆ ನಿಂತೇ ಇದ್ದರು.